ರಾರಾವಿ ಹೊಳಿಯಾಗ ಹೊನ್ನೂರಪ್ಪನ ವಿಮಾನ

ಬಳ್ಳಾರಿ ಕೌಲ್ ಬಜಾರದಾಗ ಹೊನ್ನೂರಪ್ಪ ಅಂತ ಒಬ್ಬ ಮೆಕ್ಯಾನಿಕ್ ಇದ್ದ. ಅವ ಬಾನೆಟ್ ಮ್ಯಾಲೆ ಕೈ ಇಟ್ರ ಸಾಕು, ಲಾರಿ ತನ್ನ ರೋಗ ತಾನ ಹೇಳ್ತಿತ್ತಂತ. ಎಪ್ಪತ್ತೆಂಟನೇ ಇಸ್ವಿಯಾಗ ಅವಂಗ ವಿಮಾನ ಕಟ್ಟೋ ಹುಚ್ಚು ಹಿಡೀತು. ಅದೂ ಎಂಥಾದ್ದು? ನೆಲದ ಮ್ಯಾಲೂ ಓಡಬೇಕು, ನೀರಾಗೂ ತೇಲಬೇಕು. ಗುಜರಿಯಾಗ ಸಿಕ್ಕ ಫಾರಿನ್ ಕಾರಿನ ಎಂಜಿನ್ ತಂದ. ಅದರಾಗ ಪಿಸ್ಟನ್ ಮ್ಯಾಲೆ ಕೆಳಗ ಕುಣಿಯಂಗಿಲ್ಲ, ಹೊಟ್ಟಿಯಾಗ ಮೂರು ಮೂಲಿ ಉಕ್ಕಿನ ತುಂಡು ಬೀಸೋ ಕಲ್ಲಿನಂಗ ಗರಗರ ತಿರುಗತೈತಿ. ಚಾಲೂ ಮಾಡಿದ್ರ ಬಳ್ಳಾರಿ ಗುಡ್ಡದ ಕಲ್ಲು ಒಂದೀಟು ಸರೀತಿದ್ವು. ನಂಬಾದು ನಿಮಗ ಬಿಟ್ಟಿದ್ದು.

ಕಟ್ಟಿಗಿ ಕೆಲಸ ಪೂರಾ ಕುರುಗೋಡಿನ ಬಡಿಗಿ ಕೆಂಚಣ್ಣಂದು. ದೋಣಿಯಂಥ ಹೊಟ್ಟಿ, ರೆಕ್ಕಿ, ಬಾಲ, ಎಲ್ಲಾ ಅವನ ಕೈಯಾಗ ಆದವು. ಮುಂದ ಎರಡು ಸೀಟು. ಇಬ್ಬರ ತೂಕ ಹಿಡದ ಕಟ್ಟಿದ್ದು, ಇಬ್ಬರೂ ಕೂಡೇ ಹಾರಬೇಕಂತ ಮಾತಾಗಿತ್ತು.

ಸಿರುಗುಪ್ಪ ದಾಟಿಸಿ ರಾರಾವಿ ಹೊಳಿ ದಂಡಿಗೆ ತಂದ್ರು. ಮೊದಲ ದಿನ ನೀರಾಗ ಬಾತುಕೋಳಿಯಂಗ ಸಮ ತೇಲಿತು. ಆಮ್ಯಾಲೆ ಯಾಕೋ ಬಾಲ ಕುಸಿಯಾಕ ಹತ್ತಿತು. ಹೊನ್ನೂರಪ್ಪಗ ಅನುಮಾನ ಹೊಕ್ತು. ಯಾವಾಗ ನೋಡಿದ್ರೂ ಕೆಂಚಣ್ಣ ಬಾಲದ ಹತ್ರಾನ ಇರ್ತಾನ, ಕುಟ್ಟತಾನ, ಕಿವಿ ಹಚ್ಚತಾನ, ಇವ ಬಂದ್ರ ಏನೂ ಗೊತ್ತಿಲ್ಲದಂಗ ಸರೀತಾನ. ನಾ ಬಿದ್ದು ಸತ್ರ ವಿಮಾನ ತನ್ನದು ಅನ್ನಾಕ ಹೊಂಚು ಹಾಕ್ಯಾನ ಅಂತ ಲೆಕ್ಕ ಹಾಕಿದ. ಕೆಂಚಣ್ಣ ಕಾಸಿದ ಚಾ ಕುಡಿಯಾದು ಬಿಟ್ಟ. ಬಾಲಕ್ಕ ಎಮ್ಮಿ ಗಂಟಿ ಕಟ್ಟಿದ, ಯಾರರ ಮುಟ್ಟಿದ್ರ ಗೊತ್ತಾಗಲಿ ಅಂತ.

ಹಾರಿಸಿ ನೋಡೋ ದಿನ ಬಂತು. ಕೆಂಚಣ್ಣ ಸೀಟಿಗೆ ಕಾಲಿಡಾಕ ಹೋದ. "ನೀ ದಂಡಿ ಮ್ಯಾಲೆ ಇರು" ಅಂದ ಹೊನ್ನೂರಪ್ಪ. ಕೆಂಚಣ್ಣ ಕಾಲು ಹಿಂದಕ್ಕ ತಗಂಡ.

ಗಂಟಿ ಗಣಗಣ ಅಂದ್ವು, ವಿಮಾನ ನೀರು ಸೀಳಿ ಎದ್ದಿತು. ಎದ್ದದ್ದ ಮೂತಿ ಮ್ಯಾಕ ಮಾಡ್ತು. ಇವ ಎಷ್ಟು ಒತ್ತಿದ್ರೂ ಇಳೀವಲ್ದು. ಎರಡು ತಾಳಿಮರದ ಎತ್ತರ ಹೋಗಿ (ಮೊದಲು ಒಂದ ಇತ್ತು, ನಾ ಎರಡು ಮಾಡೀನಿ) ಬಾಲದ ಮ್ಯಾಲೆ ಜಾರಿ ಹೊಳಿಗೆ ಬಿತ್ತು.

ಮೊದಲು ನೀರಿಗೆ ಹಾರಿದಾವ ಕೆಂಚಣ್ಣ. ಹೊನ್ನೂರಪ್ಪನ ಅಂಗಿ ಹಿಡದು ಎಳದ. ಅಷ್ಟರಾಗ ಮುರದ ಬಾಲದೊಳಗಿಂದ ಒಂದು ಬೂದುಗುಂಬಳಕಾಯಿ ತೇಲಿ ಬಂತು, ಕುಂಕುಮ ಹಚ್ಚಿದ್ದು. ದಂಡಿ ಮ್ಯಾಲೆ ಹೊನ್ನೂರಪ್ಪನ ಹೆಂಡ್ತಿ ಸುಂಕಲಮ್ಮ ಸೆರಗು ಬಾಯಿಗೆ ಇಟ್ಕಂಡ್ಳು. ಕೆಂಚಣ್ಣನ ಕಣ್ಣು ಕೆಟ್ಟದ್ದು, ದೃಷ್ಟಿ ಬೀಳಬಾರ್ದು ಅಂತ ಆಕೀನ ಇಟ್ಟಿದ್ಳು. ಮನಿ ಮುಂದ ಕಟ್ಟಿದಂಗ ಮುಂದ ಕಟ್ಟಿದ್ರ ಗಂಡ ಬೈತಾನಂತ ಬಾಲದಾಗ ತುರುಕಿದ್ಳು. ಒಳಗ ಏನೋ ಉರುಳಾಡೋ ಸಪ್ಪಳ ಕೇಳಿ, ತಾ ಕೂಡಿಸಿದ ಕೀಲು ಬಿಟ್ಟಾವೇನೋ ಅಂತ ಕೆಂಚಣ್ಣ ನಾಚಿಕಿಗೆ ಬಾಯಿ ಬಿಡದ ಹುಡುಕ್ತಿದ್ದ.

ಅವ ಕಾಯಿ ಬಗಲಾಗ ಇಟ್ಕಂಡು ಅಂದ: "ಲೇ ಹೊನ್ನೂರಾ, ನಿನ್ನ ಹೆಂಡ್ತಿ ನನ್ನ ಕಣ್ಣಿಗೆ ಕುಂಬಳಕಾಯಿ ಇಟ್ಳು. ನೀ ನನ್ನ ಕೈಗೆ ಗಂಟಿ ಕಟ್ಟಿದಿ. ಮುಂದ ಕುಂದ್ರಬೇಕಾದಾವನ್ನ ಇಳಿಸಿದಿ. ಅದು ಹೆಂಗ ಹಾರಬೇಕು?"

ಬಾಲ ರಿಪೇರಿ ಆತು. ಎರಡನೇ ಸಲ ಹೊನ್ನೂರಪ್ಪ ತಾನ ಕೆಂಚಣ್ಣನ ಕೈ ಹಿಡದು ಕರದ. ಕೆಂಚಣ್ಣ ಕೂಡ್ಲಿಲ್ಲ. ಮೊದಲು ಬಾಲದೊಳಗ ಹೆಗಲ ಮಟ ಕೈ ಹಾಕಿ ತಡವಿದ, ಸುಂಕಲಮ್ಮನ ಕಡೆ ಒಮ್ಮೆ ನೋಡಿದ, ಆಮ್ಯಾಲೆ ಹತ್ತಿದ. ಹೊನ್ನೂರಪ್ಪ ಗಂಟಿ ಬಿಚ್ಚಾಕ ಹೋದ್ರ, ಕೆಂಚಣ್ಣ ಇರಲಿ ಬಿಡು ಅಂದ.

ವಿಮಾನ ನೆಟ್ಟಗ ಎದ್ದಿತು. ತೆಕ್ಕಲಕೋಟಿ ಎಮ್ಮಿ ಎಲ್ಲಾ ಮೇಯಾದು ಬಿಟ್ಟು, ಯಾವ ಎಮ್ಮಿ ಮ್ಯಾಲೆ ಹೊಂಟೈತಿ ಅಂತ ಕತ್ತೆತ್ತಿ ನೋಡಿದ್ವು.