ಮಾರ್ತಾ ಮನೆಯ ಮೂರನೇ ಕಪ್ಪು

ನಂಬದಿದ್ದರೆ ಬಿಡಿ, ಬೇಜಾರಿಲ್ಲ. ದೆವ್ವದ ಕಥೆ ಹೇಳುವವರನ್ನು ಗೇಲಿ ಮಾಡಿಕೊಂಡೇ ಬೆಳೆದವಳು ನಾನು. ಆದರೆ ಆ ರಾತ್ರಿ ಕಿವಿಯಾರೆ ಕೇಳಿದ್ದನ್ನು ಸುಳ್ಳೆನ್ನಲಿ ಹೇಗೆ?

ಎಂಬತ್ತರ ದಶಕದ ಮಾತು. ನಾವಾಗ ಅಮೆರಿಕದ ಸನ್ನಿವೇಲಿನಲ್ಲಿದ್ದೆವು. ನನ್ನ ಯಜಮಾನರಿಗೆ ಎಸ್ಪೆರಾಂಟೊ ಹುಚ್ಚು. ಜಗತ್ತಿನವರೆಲ್ಲ ಸುಲಭವಾಗಿ ಮಾತಾಡಿಕೊಳ್ಳಲೆಂದು ಯಾರೋ ಕಟ್ಟಿದ ಭಾಷೆಯಂತೆ. ಆಫೀಸಿನಿಂದ ಬಂದವರೇ ಜರ್ಮನಿಯ ಹಾರ್ಟ್ಸ್ ಬೆಟ್ಟದ ಪುಟ್ಟ ಊರೊಂದರ ಮಾರ್ತಾ ಎಂಬ ಮುದುಕಿಗೆ ಅದರಲ್ಲೇ ಕಾಗದ ಬರೆಯುತ್ತಿದ್ದರು. ಅಲ್ಲಿ ಆ ಭಾಷೆಯವರು ಬಹಳ. ಕೋಟಿಗೆ ಆ ಭಾಷೆಯ ಗುರುತಾದ ಹಸಿರು ನಕ್ಷತ್ರದ ಪಿನ್ನು ಚುಚ್ಚಿಕೊಂಡು ಹೋದರೆ ಸಾಕು, ಗುರುತಿಲ್ಲದವರನ್ನೂ ಮನೆಯಲ್ಲಿ ಇಳಿಸಿಕೊಳ್ಳುತ್ತಾರಂತೆ.

“ನೀನೂ ಕಲ್ತ್ಕೊಳೇ, ಹದಿನಾರೇ ರೂಲ್ಸು.”

“ಮನೆಗೆ ಕನ್ನಡ, ಗ್ರಾಸರಿಗೆ ಇಂಗ್ಲಿಷು. ಸಾಕ್ರೀ ನಂಗೆ!”

ಇಬ್ಬರೂ ಬರುತ್ತೇವೆಂದು ಮಾರ್ತಾಗೆ ಬರೆದು ಟಿಕೆಟು ತೆಗೆದರು. ಹೊರಡಲು ತಿಂಗಳಿದೆ ಎನ್ನುವಾಗ ಆಫೀಸಿನಲ್ಲೇ ಎದೆನೋವು... ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನನಗೆ ಒಂದು ಮಾತೂ ಹೇಳದೆ ಹೋದರು.

ಮಾರ್ತಾಗೆ ಆ ಸುದ್ದಿ ಬರೆಯಲು ಕೈ ಬರಲಿಲ್ಲ. ಎದುರಿಗೇ ಹೇಳೋಣವೆಂದು ಅವರ ಪಿನ್ನನ್ನು ಚುಚ್ಚಿಕೊಂಡು ಒಬ್ಬಳೇ ಹೋದೆ.

ಮಾರ್ತಾ ಮೇಜಿನ ಮೇಲೆ ಮೂರು ಕಪ್ಪು ಇಟ್ಟು ಕಾಯುತ್ತಿದ್ದಳು. ಆ ಮುಖ ನೋಡಿ ನಿಜ ಹೇಳಲಾಗದೆ, “ಕೆಲಸವಿತ್ತು... ಅವರು ನಾಳೆ ಬರ್ತಾರೆ” ಎಂದುಬಿಟ್ಟೆ.

ನಡುರಾತ್ರಿ ಎಚ್ಚರವಾಯಿತು. ಸೌದೆ ಒಲೆಯ ಹೊಗೆಯ ಜೊತೆ... ನಮ್ಮ ಡಿಕಾಕ್ಷನ್ನಿನ ವಾಸನೆ. ಕೆಳಗೆ ಅಡುಗೆಮನೆಯಲ್ಲಿ ಕಾಫಿಯನ್ನು ಕಪ್ಪಿನಿಂದ ಕಪ್ಪಿಗೆ ಎತ್ತಿ ಸುರಿಯುವ ಸದ್ದು. ಹಾಗೆ ಆರಿಸಿ ಕುಡಿಯುವುದು ಅವರ ಅಭ್ಯಾಸ.

ಆಮೇಲೆ ಮಾತು... ಎಸ್ಪೆರಾಂಟೊ. ಮಾರ್ತಾ ಏನೋ ಕೇಳುತ್ತಿದ್ದಳು. ಉತ್ತರ ಕೊಡುತ್ತಿದ್ದದ್ದು ನನ್ನ ಯಜಮಾನರ ದನಿ!

ಒಂದಕ್ಷರವೂ ಅರ್ಥವಾಗಲಿಲ್ಲ. ಭಯಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಬಂದರು, ಆದರೆ ನನ್ನ ಹತ್ತಿರ ಬರಲಿಲ್ಲ. ಎದ್ದು ಮೆಟ್ಟಿಲವರೆಗೆ ಬಂದೆ. “ರೀ...” ಎಂದೆ. ಮಾತು ನಿಂತಿತು.

ಬೆಳಿಗ್ಗೆ ಮಾರ್ತಾಳ ಕಣ್ಣು ಕೆಂಪಾಗಿದ್ದವು. ಮೂರನೇ ಕಪ್ಪಿನ ತಳದಲ್ಲಿ ಕಾಫಿ ಚರಟವಿತ್ತು. ನನ್ನ ಕೈ ಹಿಡಿದು ಹರಕು ಇಂಗ್ಲಿಷಿನಲ್ಲಿ, “ಹೇಳಲು ನಿನಗೆ ಕಷ್ಟವಾಗುತ್ತದೆಂದು ತನ್ನ ಸಾವಿನ ಸುದ್ದಿಯನ್ನು ಅವನೇ ಹೇಳಿಹೋದ” ಎಂದಳು.

“ನನಗೇನಾದರೂ ಹೇಳಿದರಾ?”

“ತುಂಬ. ಆದರೆ ನನ್ನ ಇಂಗ್ಲಿಷಿಗೆ ಅದು ನಿಲುಕುವುದಿಲ್ಲ ಮಗಳೇ... ನೀನು ಕಲಿತು ಬಾ.”

ಸನ್ನಿವೇಲಿಗೆ ಬಂದವಳೇ ಹದಿನಾರು ನಿಯಮವನ್ನೂ ಕಲಿತೆ. ಕಲಿತು ಬರೆದ ಮೊದಲ ಕಾಗದ ಒಡೆಯದೆ ವಾಪಸು ಬಂತು. ಅಷ್ಟರಲ್ಲಿ ಮಾರ್ತಾ ತೀರಿಕೊಂಡಿದ್ದಳು.

ಇಂದಿಗೂ ಅಡುಗೆಮನೆಯಲ್ಲಿ ಅವರಿಗೆ ಕಾಫಿ ಆರಿಸಿಕೊಳ್ಳಲೆಂದು ಎರಡು ಲೋಟ ಇಟ್ಟೇ ಮಲಗುತ್ತೇನೆ. ಬೆಳಿಗ್ಗೆ ಎರಡೂ ಒಣಗಿಯೇ ಇರುತ್ತವೆ. ಈಗ ನನಗೆ ಅರ್ಥವಾಗುತ್ತದೆ ರೀ... ಒಂದು ಸಲ ಬನ್ನಿ.