ಸೋಸಿ ಹಾಕಿದ ಎಣ್ಣೆ

ಹೋದ ಭಾನುವಾರ ಮಗಳು ಕಿಟಕಿಯ ಹತ್ತಿರ ಕುಳಿತು ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಬಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹೊರಗೆ ಹೋಗಿ ಕಾರಿನ ಮುಂದೆ ನಿಂತೆ. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಗ್ಯಾಸ್ ಬಂದ್ ಆಗಿದೆಯೇ, ಅಂಗಡಿಯ ಶಟರಿಗೆ ಕೀಲಿ ಬಿದ್ದಿದೆಯೇ ಎಂದು ದಿನಕ್ಕೆ ನಾಲ್ಕು ಸಲ ನೋಡಿ ಬರುವ ಮನುಷ್ಯ ಹೀಗೆ ಎದ್ದು ಹೋಗುವುದು ಅವರಿಗೆ ಹೊಸದಲ್ಲ. ಇಚಲಕರಂಜಿಯ ಶಹಾಪುರದಲ್ಲಿ ನನ್ನದೊಂದು ಔಷಧದ ಅಂಗಡಿಯಿದೆ. ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದ ಅಡ್ಡಪರಿಣಾಮಗಳನ್ನೆಲ್ಲ ಪೂರ್ತಿ ಓದಿ, ಅವೆಲ್ಲ ತನಗೇ ಆಗುತ್ತಿವೆ ಎಂದು ನಂಬುವ ಅಂಗಡಿಕಾರ ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ಕಾರು ಎಣ್ಣೆ ಕುಡಿಯಲು ಶುರು ಮಾಡಿದ್ದು ಕೆಲವು ವರ್ಷಗಳ ಹಿಂದೆ. ಗಡಹಿಂಗ್ಲಜದಲ್ಲಿರುವ ಅಕ್ಕನಿಗೆ ಆಗಷ್ಟೇ ಮೂತ್ರಪಿಂಡದ ಕಾಯಿಲೆ ಗೊತ್ತಾಗಿತ್ತು. ವಾರಕ್ಕೊಮ್ಮೆ ಅವಳನ್ನು ಕೊಲ್ಲಾಪುರದ ಆಸ್ಪತ್ರೆಗೆ ಒಯ್ದು ತರುವುದು ನನ್ನ ಪಾಲಿನ ಕೆಲಸ. ತವಂದಿ ಘಾಟು ಏರುವಾಗ ಹಿಂದೆ ನೀಲಿ ಹೊಗೆ ಏಳುತ್ತಿತ್ತು. ಅಕ್ಕ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿರುತ್ತಿದ್ದಳು. ನಾನು ಕನ್ನಡಿಯಲ್ಲಿ ಒಮ್ಮೆ ಅವಳ ಮುಖ, ಒಮ್ಮೆ ಆ ಹೊಗೆ ನೋಡುತ್ತ, ಎರಡರಲ್ಲಿ ಯಾವುದು ಮೊದಲು ಕೈ ಕೊಡುತ್ತದೋ ಎಂದು ಬೆವರುತ್ತಿದ್ದೆ. ಒಂದು ಸಲ ಲಾರಿಯವನೊಬ್ಬ ಪಕ್ಕಕ್ಕೆ ಬಂದು, "ಊರಿಗೆಲ್ಲಾ ಧೂಪ ಹಾಕಾಕತ್ತೀರೇನ್ರಿ?" ಎಂದು ನಕ್ಕು ಹೋದ. ಇಂಜಿನ್ ಬದಲಿಸಿರಿ, ಇಲ್ಲ ಗಾಡಿ ಗುಜರಿಗೆ ಹಾಕಿರಿ ಎಂದು ತೋರಿಸಿದಲ್ಲೆಲ್ಲ ಹೇಳಿದರು. ಎರಡೂ ನನ್ನಿಂದಾಗುವ ಮಾತಾಗಿರಲಿಲ್ಲ.

ಎದುರು ಮನೆಯಲ್ಲಿ ಜಾಬರ್ ಕಾಕಾ ಇದ್ದರು. ನಾಂದಣಿ ಕಡೆಯ ಜೈನರು. ಮಗ್ಗಗಳನ್ನು ರಿಪೇರಿ ಮಾಡುವವರನ್ನು ನಮ್ಮಲ್ಲಿ ಜಾಬರ್ ಎನ್ನುತ್ತಾರೆ. ಶೆಡ್ಡಿನ ಬಾಗಿಲಲ್ಲಿ ನಿಂತು ಸಪ್ಪಳ ಕೇಳಿಯೇ ಯಾವ ಮಗ್ಗದ ಯಾವ ನಟ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದರಂತೆ. ಆಮೇಲೆ ಮಾಲೀಕರು ಲಾಳಿಯಿಲ್ಲದ ಹೊಸ ಮಗ್ಗಗಳನ್ನು ತಂದರು. ಅವುಗಳ ಜೊತೆ ಕಂಪ್ಯೂಟರ್ ಕಲಿತ ಹೊಸ ಹುಡುಗರೂ ಬಂದರು. ಹಳೆಯ ಮಗ್ಗಗಳನ್ನು ಒಡೆದು ತೂಕಕ್ಕೆ ಹಾಕಿದ ದಿನದಿಂದ ಕಾಕಾ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಎರಡೂ ಕೈಗಳನ್ನು ಬೇರೆ ಯಾರದೋ ಸಾಮಾನಿನಂತೆ ತೊಡೆಯ ಮೇಲಿಟ್ಟುಕೊಂಡು...

ಒಂದು ಮಧ್ಯಾಹ್ನ ಅವರೇ ಎದ್ದು ಬಂದರು. ಔಷಧ ಮಾರುತ್ತೇನೆಂಬ ಕಾರಣಕ್ಕೆ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು.

"ಡಾಕ್ಟರ್ರ, ಬಿಚ್ಚೋಣು ಅದನ್ನ."

"ನಿಮಗ ಇಂಜಿನ್ ಕೆಲಸ ಬರ್ತೈತೇನ್ರಿ ಕಾಕಾ?"

"ಇಲ್ಲ. ನಿಮಗ?"

"ನನಗೆಲ್ಲಿ ಬರ್ತೈತ್ರಿ!"

"ಹಂಗಾರ ಜಗಳಽ ಇಲ್ಲ ಬಿಡ್ರಿ."

ಒಡೆದ ಮಗ್ಗದ ಸಾಗವಾನಿ ತುಂಡುಗಳ ಮೇಲೆ ಕಾರನ್ನು ಎತ್ತಿ ನಿಲ್ಲಿಸಿದೆವು. ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತಿಗೆ ನಾನು ಹೋಗಿ ಕೂರುತ್ತಿದ್ದೆ. ಫೋನಿನಲ್ಲಿ ವಿಡಿಯೋ ಹಚ್ಚಿ ಬಿಡಿಸಿ ಹೇಳುವುದು ನನ್ನ ಕೆಲಸ, ಅದರಲ್ಲಿ ತೋರಿಸಿದವನಿಗಿಂತ ಚೊಕ್ಕ ಮಾಡುವುದು ಅವರ ಕೆಲಸ. ಪಿಸ್ಟನ್ ಹೊರಗೆ ತೆಗೆದು ಸಿಲಿಂಡರಿನ ಒಳಗೋಡೆಗೆ ಉಗುರು ತಾಗಿಸಿ ನಿಧಾನವಾಗಿ ಮೇಲೆ ಎಳೆದರು. ಉಗುರು ಎಲ್ಲಿಯೂ ತಡೆಯಲಿಲ್ಲ. "ಗ್ವಾಡಿ ಗಟ್ಟಿ ಐತಿ. ರಿಂಗ್ ಅಷ್ಟಽ ಸವದಾವು" ಎಂದರು. ಹೊಸ ರಿಂಗುಗಳನ್ನು ನಾನು ಕೊಲ್ಲಾಪುರದಿಂದ ತಂದೆ. ಒಂದರ ಬಾಯಿ ಇನ್ನೊಂದರ ಬಾಯಿಗೆ ನೇರ ಬರದಂತೆ ಅವನ್ನು ಕೂರಿಸಿದರು.

ಅವರ ರೀತಿಗಳೇ ಬೇರೆ. ಭಾಗಗಳನ್ನು ತೊಳೆಯುವ ಡೀಸೆಲ್ ಬೋಗುಣಿಯಲ್ಲಿ ಇರುವೆ, ನೊಣ ಬಿದ್ದು ಸಾಯಬಾರದೆಂದು ಅದಕ್ಕೊಂದು ಬಟ್ಟೆ ಮುಚ್ಚುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲವಾದ್ದರಿಂದ, ಬಿಸಿಲು ಎದುರಿನ ಗೋಡೆಯ ನಡುಮಟ್ಟ ಏರಿದ ಕೂಡಲೆ ಅರ್ಧ ತಿರುಗಿಸಿದ ಬೋಲ್ಟನ್ನೂ ಬಿಟ್ಟು ಕೈ ತೊಳೆಯಲು ಹೋಗುತ್ತಿದ್ದರು. ಇನ್ನು ಪೂರ್ತಿ ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಉಗುರು ಬಣ್ಣದಿಂದ ಒಂದು ಕೆಂಪು ಗೆರೆ ಎಳೆಯುತ್ತಿದ್ದರು. ಮಗ್ಗಗಳು ಸದಾ ನಡುಗುತ್ತವಲ್ಲ, ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಹೇಳಿಬಿಡುತ್ತದೆ. ಒಂದು ದಿನ ನಾನು ಸಹಾಯ ಮಾಡುವ ಉಮೇದಿಯಲ್ಲಿ ಬಾಟಲಿ ತೆಗೆದುಕೊಂಡಾಗ ಕಸಿದುಕೊಂಡರು. "ಬಿಗಿ ಮಾಡಿದ ಕೈನಽ ಗೆರಿ ಎಳೀಬೇಕ್ರಿ. ಅದು ಸಹಿ ಇದ್ದಾಂಗ."

ಕೊನೆಯ ದಿನ ಹೊಸ ಎಣ್ಣೆ ಹಾಕುವಾಗ ಅವರು ಆಲಿಕೆಯ ಬಾಯಿಗೆ ಒಂದು ಬಿಳಿ ಬಟ್ಟೆ ಕಟ್ಟಿದರು.

"ಕಾಕಾ, ಅದು ಸೀಲ್ ಒಡದ ಡಬ್ಬಿ ಅಲ್ರಿ. ಹೊಸಾದು."

"ಕುಡಿಯೂ ನೀರಽ ಸೋಸ್ತೇವು. ಇದಕ್ಕೇನ್ ಪಾಪ?"

ಎಣ್ಣೆ ಆ ಬಟ್ಟೆಯೊಳಗಿಂದ ಜೇನಿನಂತೆ ಇಳಿಯಿತು. ಇಂಜಿನ್ ಎರಡು ಸಲ ಕೆಮ್ಮಿ ಚಾಲೂ ಆಯಿತು. ಮೊದಲು ಒಂದಿಷ್ಟು ಹೊಗೆ ಬಂತು, ಆಮೇಲೆ ಅದೂ ಇಲ್ಲ. ಕಾಕಾ ಬಾನೆಟ್ಟಿನ ಅಂಚಿಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ಅಂದು ಬಿಸಿಲು ಗೋಡೆ ದಾಟಿ ಹೋದದ್ದು ಅವರಿಗೆ ತಿಳಿಯಲೇ ಇಲ್ಲ. ಉಪವಾಸ ಮಲಗಿದರೆಂದು ಮರುದಿನ ಅವರ ಹೆಂಡತಿ ಕಾಕೂ ಬೈದರು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಬಟ್ಟೆಯ ಎಳೆ ಎಣ್ಣೆಯಲ್ಲಿ ಸೇರಿದರೆ ಇಂಜಿನ್ನಿನ ಜಾಲರಿ ಕಟ್ಟಿ, ಓಡುವಾಗಲೇ ಅದು ಹಿಡಿದು ನಿಲ್ಲುತ್ತದೆ ಎಂದು ನಾನು ಎಲ್ಲಿಯೋ ಓದಿದೆ. ಓದುವುದೇ ನನ್ನ ರೋಗ. ಅಂಗಡಿಯಲ್ಲಿ ಹತ್ತಿಯ ಉಂಡೆ ಕಂಡರೂ ಎದೆ ಹಾರುತ್ತಿತ್ತು. ಘಾಟಿನ ನಡುವೆ ನಿಂತ ಕಾರು, ಹಿಂದೆ ಅಕ್ಕ... ಕಾಕಾರನ್ನೇ ಒಂದು ಮಾತು ಕೇಳಬಹುದಿತ್ತು. ನೊಂದುಕೊಂಡಾರು ಎಂದು ಕೇಳಲಿಲ್ಲ. ಔಷಧ ತರಲು ಹೊರಟಿದ್ದೇನೆ ಎಂದು ಹೇಳಿ ಕೊಲ್ಲಾಪುರದ ಒಂದು ಗ್ಯಾರೇಜಿಗೆ ಹೋಗಿ, ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಪಾತ್ರೆಯನ್ನು ಬಿಚ್ಚಿಸಿದೆ.

"ಕಾಯ್ ನಾಯ್ ಸಾಹೇಬ, ಆರಶಾಸಾರಖಂ ಹಾಯ್," ಎಂದ ಮೇಸ್ತ್ರಿ. ಕನ್ನಡಿಯ ಹಾಗಿದೆಯಂತೆ. ಜಾಲರಿಯಲ್ಲಿ ಒಂದೆಳೆಯೂ ಇರಲಿಲ್ಲ. ಬೋಲ್ಟುಗಳನ್ನು ಸಿಕ್ಕಸಿಕ್ಕ ತೂತಿಗೆ ಹಾಕಿ ಬಿಗಿ ಮಾಡಿಕೊಟ್ಟ. ನಾನು ಸಿಳ್ಳೆ ಹಾಕುತ್ತ ಮನೆಗೆ ಬಂದೆ. ಗೆರೆಗಳ ನೆನಪೇ ಬರಲಿಲ್ಲ.

ಎಣ್ಣೆ ಸೋರುತ್ತಿದೆಯೇ ಎಂದು ಕಾಕಾ ದಿನಾ ಬೆಳಿಗ್ಗೆ ಬ್ಯಾಟರಿ ದೀಪ ಹಿಡಿದು ಕಾರಿನ ಕೆಳಗೆ ತೂರಿ ನೋಡುತ್ತಿದ್ದರು. ನಾನು ಗ್ಯಾರೇಜಿಗೆ ಹೋಗಿ ಬಂದ ಮರುದಿನವೂ ತೂರಿದರು. ಹೊರಗೆ ಬರಲು ತಡವಾಯಿತು. ಎದ್ದು ಮೊಣಕಾಲಿನ ಮಣ್ಣು ಜಾಡಿಸಿಕೊಂಡರು.

"ಬಿಚ್ಚಸಿದ್ರ್ಯಾ?"

"ಇಲ್ರಿ ಕಾಕಾ," ಅಂದೆ.

ಅವರು ನನ್ನ ಮುಖ ನೋಡಲಿಲ್ಲ. "ಹಂಗಾರ ಕಲ್ಲಿಗೆ ಬಡದಿರಬೇಕು ಬಿಡ್ರಿ. ಹಾದಿ ಖರಾಬ್ ಅದಾವು," ಎಂದು ಬ್ಯಾಟರಿ ಆರಿಸಿದರು. ಕಲ್ಲಿಗೆ ಬಡಿದರೆ ಎಲ್ಲ ಬೋಲ್ಟುಗಳ ಗೆರೆ ಮುರಿಯುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಸುಳ್ಳಿಗೆ ಬೇಕಾದ ಕಲ್ಲನ್ನೂ ಅವರೇ ಹುಡುಕಿಕೊಟ್ಟಿದ್ದರು.

ಆಮೇಲೆ ಅವರು ಕಾರಿನ ಹತ್ತಿರ ಬರಲಿಲ್ಲ. ಸಿಟ್ಟೇನೂ ಇರಲಿಲ್ಲ. ಕಟ್ಟೆಯಿಂದಲೇ "ಉಂಡ್ರ್ಯಾ ಡಾಕ್ಟರ್ರ?" ಎನ್ನುತ್ತಿದ್ದರು. ಕೈಗಳು ಮತ್ತೆ ತೊಡೆಯ ಮೇಲೆ. ಒಂದೆರಡು ಸಲ ನಿಜ ಹೇಳಿಬಿಡೋಣವೆಂದು ಕಟ್ಟೆಯವರೆಗೆ ಹೋಗಿ, ಮಳೆಯ ಮಾತಾಡಿ ಬಂದೆ. ದೀಪಾವಳಿ ಕಳೆದ ಮೇಲೆ ಗಂಡ ಹೆಂಡತಿ ಇಬ್ಬರೂ ನಾಂದಣಿಯಲ್ಲಿದ್ದ ಕಾಕಾರ ತಮ್ಮನ ಮನೆಗೆ ಹೋಗಿಬಿಟ್ಟರು. ಮರುವರ್ಷ ಕಾಕಾ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಎಂಟು ದಿನ ತಡವಾಗಿ.

ಅದೇ ಕಾರಿನಲ್ಲಿ ನಾಂದಣಿಗೆ ಹೋದೆ. ಕಾಕೂ ಹೊರಗೆ ಬಂದು ಮೊದಲು ಕಾರನ್ನು ನೋಡಿದರು, ಆಮೇಲೆ ನನ್ನನ್ನು.

"ಎಣ್ಣಿ ಕುಡಿಯೂದು ಬಿಟ್ಟೈತೇನ್ರಿ? ಇಚಲಕರಂಜಿಯಿಂದ ಯಾರು ಬಂದ್ರೂ ಅದನ್ನಽ ಕೇಳ್ತಿದ್ರು. ಯಾರಿಗೆ ಗೊತ್ತಿರ್ತೈತಿ?" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಅಳುವಿನ ನಡುವೆಯೇ ಸ್ವಲ್ಪ ನಕ್ಕರು. "ನಿಮ್ಮ ಗಾಡಿ ಸಲುವಾಗಿ ನಮ್ಮದು ಭಾಳ ಜಗಳ ಆಗಿತ್ರಿ. ಹತ್ತಿ ಅರಿವಿ ಎಳಿ ಬಿಡತೈತಿ, ಎಣ್ಣಿ ಸೋಸಾಕ ನಡಿಯೂದಿಲ್ಲ ಅಂತ ನನ್ನ ಬಿಳಿ ನಾಯ್ಲಾನ್ ಸೀರಿ ಸೆರಗ ಕತ್ತರಸಿದ್ರು. ಕತ್ತರಸಿ, ಎಳಿ ಬಿಡಬಾರದಂತ ಅಂಚಿಗೆ ದೀಪಾ ಹಿಡದು ಸುಟ್ಟಿದ್ರು. ನಲವತ್ತು ವರ್ಷ ನೂಲಿನಾಗ ಇದ್ದೇನಿ, ಎಳಿ ಅಂದ್ರೇನು ನನಗ ಗೊತ್ತಿಲ್ಲೇನು ಅಂತ ನನಗಽ ಬೈದ್ರು."

ಅವರು ತಂದುಕೊಟ್ಟ ಚಹಾದ ಕಪ್ಪನ್ನು ನಾನು ಹಾಗೇ ಕೆಳಗಿಟ್ಟೆ.

ಹೋದ ಭಾನುವಾರ ಕಾರಿನ ಮುಂದೆ ನಿಂತಿದ್ದವನು ಒಳಗೆ ಹೋಗಿ ಮಗಳಿಂದ ಬಾಟಲಿ ಇಸಿದುಕೊಂಡು ಕಾರಿನ ಕೆಳಗೆ ತೂರಿದೆ. "ಪಪ್ಪಾ, ಗಾಡಿಗೂ ಹಚ್ಚಾಂವೇನ?" ಎಂದು ಅವಳು ನಕ್ಕಳು. ಅರ್ಧ ಗೆರೆ ಬೋಲ್ಟಿನ ತಲೆಯ ಮೇಲೆ, ಅರ್ಧ ಪಾತ್ರೆಯ ಅಂಚಿನ ಮೇಲೆ. ಎಲ್ಲವೂ ಮಾಸಿವೆ, ಒಂದೂ ಇನ್ನೊಂದಕ್ಕೆ ಕೂಡುವುದಿಲ್ಲ. ಅವನ್ನು ಬಿಗಿ ಮಾಡಿದ ಕೈ ನನ್ನದಲ್ಲ. ಬಾಟಲಿಯ ಮುಚ್ಚಳ ತೆಗೆಯದೆ ಹೊರಗೆ ಬಂದೆ.

ಬಾನೆಟ್ ಎತ್ತಿ ಎಣ್ಣೆ ಅಳೆಯುವ ಕಡ್ಡಿ ತೆಗೆದು, ಒರೆಸಿ, ಮತ್ತೆ ಅದ್ದಿ ನೋಡಿದೆ. ಮಟ್ಟ ಹಾಕಿದಲ್ಲಿಯೇ ಇತ್ತು. ಅಕ್ಕ ಈಗಲೂ ಇದೇ ಕಾರಿನಲ್ಲಿ ಘಾಟು ಹತ್ತಿ ಇಳಿಯುತ್ತಾಳೆ, ಕಣ್ಣು ಮುಚ್ಚಿಕೊಂಡು. ಎದುರಿನ ಕಟ್ಟೆಯ ಮೇಲೆ ಹೊಸ ಬಾಡಿಗೆಯವರ ಸೈಕಲ್ಲು ಒರಗಿತ್ತು. ಎಣ್ಣೆ ಕುಡಿಯುತ್ತದೆಯೇ ಎಂದು ಊರವರನ್ನೆಲ್ಲ ಕೇಳಿದ ಮನುಷ್ಯನಿಗೆ ಉತ್ತರ ಕೊಡಬೇಕಾದವನು ನಾನೊಬ್ಬನೇ ಆಗಿದ್ದೆ.

"ಇಲ್ರಿ ಕಾಕಾ," ಅಂದೆ, ಆ ಕಡೆ ನೋಡಿ. ಈ ಸಲ ಅದು ನಿಜವಾಗಿತ್ತು. ಕೇಳಲು ಸೈಕಲ್ಲೊಂದೇ ಇತ್ತು.