ಹುಂಜದ ಕಾಲಿನ ಕೆಂಪು ದಾರ

ಒಂದು ಹಿತ್ತಲಿಗೆ ಒಂದೇ ಹುಂಜ ಸಾಕು ಎಂಬ ಸರಳ ವಿಷಯ ನನ್ನ ತಲೆಗೆ ಹತ್ತಲು ಒಂದು ವರ್ಷವೇ ಬೇಕಾಯಿತು. ಅತ್ತೆ ಮೊದಲೇ ಹೇಳಿದ್ದರು. ಆದರೆ ಅತ್ತೆ ಹೇಳಿದ್ದನ್ನೆಲ್ಲ ಆ ಕೂಡಲೇ ಒಪ್ಪಿಬಿಟ್ಟರೆ ಸೊಸೆಯ ಸ್ವಂತ ಬುದ್ಧಿಗೆ ಕೆಲಸವೇನು? ನನ್ನ ಬುದ್ಧಿ ಮಾಡಿದ ಕೆಲಸವನ್ನೇ ಈಗ ಹೇಳಹೊರಟಿದ್ದೇನೆ. ನಗು ಬಂದಲ್ಲಿ ನಕ್ಕುಬಿಡಿ. ನಡುವೆ ನಾನು ಇವತ್ತಿಗೂ ನಗಲಾರದ ಜಾಗವೊಂದು ಬರುತ್ತದೆ, ಅಲ್ಲಿ ಸ್ವಲ್ಪ ತಡೆದುಕೊಳ್ಳಿ.

ಅದು ಮೂವತ್ತರ ದಶಕ. ಅದಿಯಮಾನ್‌ಕೋಟೆಯಿಂದ ಸೇಲಂ ಪೇಟೆಯ ಕನ್ನಡ ನೇಕಾರರ ಬೀದಿಗೆ ನಾನು ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಮನೆಯ ಮುಂದಿನ ಅಂಕಣದಲ್ಲಿ ಗುಂಡಿ ಮಗ್ಗ, ಹಿಂದೆ ಮಂಚದಷ್ಟಗಲದ ಅಡುಗೆಮನೆ, ಅದರ ಹಿಂದೆ ಹಿತ್ತಲು. ಮಗ್ಗ ನನ್ನ ಗಂಡನದು, ನೂಲಿಗೆ ಬಣ್ಣ ಹಾಕುವುದು ಮಾವನದು, ಹಿತ್ತಲು ಅತ್ತೆಯದು. ಆ ಹಿತ್ತಲಲ್ಲಿ ಒಂಬತ್ತು ಹೇಂಟೆ, ಒಂದು ಹುಂಜ.

ಕಾಳು ಚೆಲ್ಲಿ ಮೊಟ್ಟೆ ಆರಿಸಿಕೊಂಡರೆ ಕೋಳಿ ಸಾಕಿದಂತಾಯಿತು ಎಂದುಕೊಂಡವರು ಕೋಳಿ ಸಾಕಿರುವುದಿಲ್ಲ. ಯಾವ ಹೇಂಟೆ ಒಲೆಯ ಸಂದಿಯಲ್ಲಿ ಕದ್ದು ಮೊಟ್ಟೆಯಿಡುತ್ತದೆ, ಯಾವುದು ಕಾವಿಗೆ ಕೂತರೆ ಏಳದು, ಯಾವುದು ಯಾವುದನ್ನು ಕುಕ್ಕುತ್ತದೆ, ಇವೆಲ್ಲ ಅತ್ತೆಗೆ ಬಾಯಿಪಾಠ. ಕೋಳಿಗಳಲ್ಲಿ ಹಿರಿತನದ ಲೆಕ್ಕ ನಮ್ಮ ಮದುವೆಯ ಪಂಕ್ತಿಗಿಂತ ಕಟ್ಟುನಿಟ್ಟು. ಕೊನೆಯದು ಮೊದಲು ನೀರಿಗೆ ಬಾಯಿ ಹಾಕಿದರೆ ತಲೆಯ ಮೇಲೆ ಏಟು ಖಂಡಿತ. ಹುಂಜದ್ದು ಬೇರೆಯೇ ಗತ್ತು. ಒಂದು ಹುಳ ಸಿಕ್ಕರೆ ತಾನು ತಿನ್ನದೆ ಕೊಕ್ಕೊಕ್ ಎಂದು ಎಲ್ಲರನ್ನೂ ಕರೆದು ಪಕ್ಕಕ್ಕೆ ನಿಲ್ಲುತ್ತದೆ. ಈ ಗುಣವನ್ನು ಅತ್ತೆ ಮಾವನಿಗೆ ಕೇಳಿಸುವ ಹಾಗೆ ಹೊಗಳುತ್ತಿದ್ದರು. ನಮ್ಮ ಕಡೆ ಗುಡ್ಡ ಕಂಡಲ್ಲೆಲ್ಲ ಮುರುಗನಿದ್ದಾನೆ, ಅವನ ಬಾವುಟದಲ್ಲಿ ಹುಂಜವಿದೆ. ನಾನು ಎಷ್ಟೋ ಗುಡಿಗಳಲ್ಲಿ ನೋಡಿದ್ದೇನೆ, ಒಂದೇ ಹುಂಜ. ಎರಡನ್ನು ಬರೆದಿದ್ದರೆ ದೇವರಿಗೂ ಆ ಬಾವುಟ ಹಿಡಿದು ನಿಲ್ಲುವುದು ಕಷ್ಟವಾಗುತ್ತಿತ್ತೇನೋ.

ಎರಡನೆಯ ಹುಂಜ ಬಂದದ್ದು ನನ್ನಿಂದ. ತವರಿಗೆ ಹೋಗಿದ್ದಾಗ ಅವ್ವ ಹನ್ನೊಂದು ಮೊಟ್ಟೆಗಳನ್ನು ತೌಡಿನಲ್ಲಿ ಹೂತು ಬುಟ್ಟಿಯಲ್ಲಿಟ್ಟು ಕೊಟ್ಟಳು. ತೊಪ್ಪೂರು ಘಾಟಿಯಲ್ಲಿ ಮೋಟಾರು ಬಸ್ಸು ಎತ್ತೆತ್ತಿ ಹಾಕುವಾಗ ಬುಟ್ಟಿಯನ್ನು ತೊಡೆಯ ಮೇಲೆ ಹಸುಗೂಸಿನಂತೆ ಹಿಡಿದು ಕೂತಿದ್ದೆ. ಮನೆಗೆ ಬಂದು ಬಿಚ್ಚಿದಾಗ ಅತ್ತೆ ಒಂದನ್ನು ಕಿವಿಯ ಹತ್ತಿರ ಆಡಿಸಿ ನೋಡಿದರು.

“ಗಾಟಿಯಾಗೆ ಕುಲುಕಿದ ಮೊಟ್ಟೆ ಮರಿ ಆಗಾಕಿಲ್ಲ ಅಮ್ಮಣಿ. ನಿಮ್ಮವ್ವ ಕೊಟ್ಟವ್ಳೆ ಅಂತ ಇಡ್ತೀನಿ, ಅಷ್ಟೇಯ.”

ಕಾವಿನ ಹೇಂಟೆಯ ಕೆಳಗೆ ಹನ್ನೊಂದನ್ನೂ ಇಟ್ಟರು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಪಕ್ಕದಲ್ಲಿ ಒಂದು ತುಂಡು ಕಬ್ಬಿಣವನ್ನೂ ಇಟ್ಟರು. ಇಪ್ಪತ್ತೊಂದನೆಯ ದಿನ ಹತ್ತು ಮೊಟ್ಟೆ ಹಾಗೇ ಉಳಿದವು, ಒಂದು ಒಡೆಯಿತು. ಆ ಒಂದು ಹೇಂಟೆಯಾದರೂ ಆಗಬಾರದಿತ್ತೇ! ಹುಂಜವಾಯಿತು. ಅದಿಯಮಾನ್‌ಕೋಟೆಯಿಂದ ಆ ಮನೆಗೆ ಬಂದು ಉಸಿರಾಡುತ್ತಿದ್ದದ್ದು ನಾನು ಮತ್ತು ಅದು, ಎರಡೇ ಜೀವ. ಅದಕ್ಕೇ ಅದರ ಮೇಲೆ ನನಗೆ ಅಷ್ಟು ಆಸೆ.

ಜುಟ್ಟು ಕೆಂಪಾಗುತ್ತಿದ್ದಂತೆ ಹಿತ್ತಲಲ್ಲಿ ಕದನ ಶುರುವಾಯಿತು. ಹಳೆಯ ಹುಂಜ ಇದನ್ನು ಅಟ್ಟುತ್ತಿತ್ತು, ಇದು ಹೇಂಟೆಗಳನ್ನು ಅಟ್ಟುತ್ತಿತ್ತು. ಒಂಬತ್ತು ಹೇಂಟೆಗಳಿಗೆ ಎರಡು ಹುಂಜ ಎಂದರೆ ಅವುಗಳಿಗೆ ನಿಂತು ಕಾಳು ತಿನ್ನಲೂ ಬಿಡುವಿಲ್ಲ. ಬೆನ್ನ ಪುಕ್ಕ ಉದುರಿ ಚರ್ಮ ಕಾಣತೊಡಗಿತು. ಬೂದುಬಣ್ಣದ ಹೇಂಟೆಯ ರೆಕ್ಕೆಯ ಬುಡದಲ್ಲಿ ಗಾಯವಾಗಿ, ಅತ್ತೆ ಅರಿಶಿನ ಎಣ್ಣೆ ಹಚ್ಚುತ್ತ ನನ್ನ ಕಡೆ ನೋಡಿದರು.

“ಒಂದ ಸಂತೆಗೆ ಕಳ್ಸು, ಇಲ್ಲ ಸಾರಿಗೆ ಆಕು. ಈ ಮೂಕಜೀವಗಳ ಬೆನ್ನು ನೋಡು.”

“ಇನ್ನೊಂದು ತಿಂಗ್ಳು ಇರ್ಲಿ ಅತ್ತೆ” ಎಂದೆ. ಆ ತಿಂಗಳು ಮುಗಿದಾಗಲೂ ಅದನ್ನೇ ಅಂದೆ.

ಇಲ್ಲಿ ನಮ್ಮ ಬೀದಿಯ ಒಂದು ಪದ್ಧತಿ ಹೇಳಬೇಕು. ಬೆಳಗಿನ ಜಾವ ಹುಂಜ ಕೂಗಿದ ಕೂಡಲೇ ನಮ್ಮವರು ಬೀದಿಯುದ್ದಕ್ಕೂ ಪಾವು ಎಳೆಯುತ್ತಾರೆ. ಪಾವು ಎಂದರೆ ಸೀರೆಯ ಹಾಸಿನ ನೂಲು. ಅದಕ್ಕೆ ಗಂಜಿ ಹಚ್ಚಿ, ಕುಂಚದಿಂದ ತೀಡಿ, ಬಿಸಿಲೇರುವ ಮೊದಲೇ ಒಣಗಿಸಿ ಸುತ್ತಿಡಬೇಕು. ಗಂಜಿಯ ವಾಸನೆ ಕೋಳಿಗಳಿಗೆ ಹಬ್ಬದೂಟ. ಅದಕ್ಕೇ ಪಾವು ಒಳಗೆ ಹೋಗುವ ತನಕ ಬೀದಿಯ ಕೋಳಿಗಳೆಲ್ಲ ಬುಟ್ಟಿಯ ಕೆಳಗೆ. ಬುಟ್ಟಿ ಎತ್ತಿದರೆ ಇಪ್ಪತ್ತು ಮನೆಯ ಕೋಳಿಗಳು ಬೀದಿಯಲ್ಲಿ ಒಂದಾಗುತ್ತವೆ. ಆಗ ಯಾವುದು ಯಾರದು? ಅದಕ್ಕೆ ಒಂದೊಂದು ಮನೆಗೆ ಒಂದೊಂದು ಬಣ್ಣದ ನೂಲು, ಕೋಳಿಯ ಕಾಲಿಗೆ ಕಟ್ಟುವುದು. ಪಕ್ಕದ ಮನೆಯ ಚೌಡಕ್ಕನದು ಕನಕಾಂಬರ. ನಮ್ಮದು ಕೆಂಪು.

ಅದು ಬರೀ ಕೆಂಪಲ್ಲ, ಮಾವನ ಕೆಂಪು. ನೂಲನ್ನು ಎಣ್ಣೆ ಬೆರೆತ ನೀರಿನಲ್ಲಿ ನೆನೆಸಿ ಬಿಸಿಲಿಗೆ ಒಣಗಿಸಬೇಕು. ಹಾಗೆ ಏಳು ಸಲ ಆದ ಮೇಲೆ ಬಣ್ಣದಲ್ಲಿ ಕುದಿಸಬೇಕು. ಸೀರೆ ಹರಿದರೂ ಅಂಚಿನ ಕೆಂಪು ಹೋಗದು ಎಂದು ಪೇಟೆಯಲ್ಲಿ ಮಾತಿತ್ತು. ಆ ಹೆಸರು ಬಿಟ್ಟರೆ ಮಾವ ಬೇರೇನನ್ನೂ ಗಳಿಸಿರಲಿಲ್ಲ. ಆ ವರ್ಷ ಅವರ ಕಣ್ಣು ಮಂಜಾಗಿ, ಬಣ್ಣದ ಕೆಲಸವನ್ನು ನನ್ನ ಕೈಗೆ ಕೊಟ್ಟರು. ಮೊದಲ ಕೆಲಸವೇ ಚೌಡಕ್ಕನ ಮಗಳು ಪುಟ್ಟಿಯ ಮುಹೂರ್ತದ ಸೀರೆಗೆ. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು.

ಅದೇ ವಾರ ತವರಿನಿಂದ ಸುದ್ದಿ ಬಂತು, ತಂಗಿಗೆ ಹೆರಿಗೆಯಾಗಿದೆ ಎಂದು. ಬಣ್ಣ ಮುಗಿಸಿ ಹೊರಡು ಎಂದರು ಅತ್ತೆ. ಏಳು ಸಲ ನೆನೆಸಬೇಕಾದ ನೂಲನ್ನು ನಾನು ಮೂರೇ ಸಲ ನೆನೆಸಿದೆ, ಕುದಿಸಿದೆ, ಬಸ್ಸು ಹತ್ತಿದೆ. ನೂಲು ಎಂದಿಗಿಂತ ಕೆಂಪಾಗಿ ಕಂಡಿತು. ಮಾವ ಕಣ್ಣಿನ ಹತ್ತಿರ ಹಿಡಿದು “ಸಾಯಂ ನಲ್ಲಾ ಇರುಕ್ಕು”, ಬಣ್ಣ ಚೆನ್ನಾಗಿದೆ, ಎಂದು ತಮಿಳಿನಲ್ಲಿ ಮೆಚ್ಚಿದ್ದರು. ತೀರ ಖುಷಿಯಾದಾಗ ಅವರು ತಮಿಳಿಗೆ ಹೋಗುತ್ತಿದ್ದರು. ಉಳಿದ ಒಂದೆಳೆಯನ್ನು ನಾನೇ ಬೆಳೆದು ನಿಂತ ನನ್ನ ಹುಂಜದ ಕಾಲಿಗೆ ಕಟ್ಟಿದ್ದೆ.

ದೀಪಾವಳಿಯ ಹೊತ್ತಿನ ಐಪ್ಪಸಿ ತಿಂಗಳ ಮಳೆ ಆ ಸಲ ಚೆನ್ನಾಗಿ ಹೊಯ್ಯಿತು. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಬುಟ್ಟಿ ಎತ್ತಿದರೆ ನನ್ನ ಹುಂಜ ಇಲ್ಲ. ಹಿಂದಿನ ಸಂಜೆಯೇ ಹಳೆಯದು ಅದನ್ನು ಅಟ್ಟಿ ಓಡಿಸಿತ್ತು, ಕತ್ತಲಲ್ಲಿ ಬುಟ್ಟಿ ಮುಚ್ಚುವಾಗ ಯಾರೂ ನೋಡಿರಲಿಲ್ಲ. ಹುಡುಕಿದರೆ ಅದು ಗೋಡೆಯಾಚೆ ಚೌಡಕ್ಕನ ಹಿತ್ತಲಲ್ಲಿ ಆರು ಹೇಂಟೆಗಳ ನಡುವೆ ಯಜಮಾನನಾಗಿ ನಿಂತಿದೆ. ಚೌಡಕ್ಕನ ಹುಂಜವೊಂದು, ಇಂಥದೇ ಕೆಂಗಂದು ಬಣ್ಣದ್ದು, ಹದಿನೈದು ದಿನದ ಹಿಂದೆ ಕಾಣೆಯಾಗಿತ್ತು. ಅದೇ ತಿರುಗಿ ಬಂತೆಂದು ಆಕೆ ದೇವರಿಗೆ ಕೈಮುಗಿದಿದ್ದಳು.

ಅತ್ತೆ ನಮ್ಮದು ಎಂದರು. ಚೌಡಕ್ಕ ಹುಂಜವನ್ನು ತಬ್ಬಿ ಹಿಡಿದು ಬೀದಿಗೆ ಬಂದಳು.

“ಕಾಲು ನೋಡಕ್ಕ, ಕನಕಾಂಬರ ದಾರ ಐತೆ. ನಿಮ್ದು ಕೆಂಪಲ್ವಾ? ನಾನೇನು ಪೊಯ್ ಏಳ್ತೀನಾ?”

ಸುಳ್ಳಲ್ಲ, ದಾರ ಕನಕಾಂಬರವೇ ಆಗಿತ್ತು. ಮಳೆ, ಕೆಸರು, ಬೀದಿಯ ಗಂಜಿ ಎಲ್ಲ ಸೇರಿ ಮೂರು ಸಲ ನೆನೆಸಿದ ಕೆಂಪನ್ನು ಆ ಬಣ್ಣಕ್ಕೆ ಇಳಿಸಿದ್ದವು. ನನಗೆ ಮಾತ್ರ ಗುರುತು ಸಿಕ್ಕಿತು. ನಾನು ಎಡಗೈಯವಳು, ನನ್ನ ಗಂಟು ಎಲ್ಲರ ಗಂಟಿನ ಹಾಗಲ್ಲ, ತಿರುವುಮುರುವು ಬೀಳುತ್ತದೆ. ಗಂಟು ನನ್ನದು. ಆ ಕ್ಷಣ ನನ್ನ ಕಣ್ಣಿಗೆ ಕಂಡದ್ದು ಹುಂಜವಲ್ಲ, ಪುಟ್ಟಿಯ ಸೀರೆ.

ಬಣ್ಣದ ವ್ಯಾಜ್ಯಕ್ಕೆ ಬೀದಿಯಲ್ಲಿ ಮಾವನ ಮಾತೇ ಕೊನೆ. ಅವರು ಬಂದು ಹುಂಜದ ಕಾಲನ್ನು ಕಣ್ಣಿಗೆ ಹತ್ತಿರ ಹಿಡಿದರು.

“ಇದು ನಮ್ಮ ಕೆಂಪಲ್ಲ” ಎಂದರು. “ನಮ್ಮ ಕೆಂಪು ಇಂಗೆ ಬುಡಾಕಿಲ್ಲ. ಉಂಜ ಚೌಡಿದೇ.”

ನಾನು ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ಎಲ್ಲರಿಗೂ ಎಷ್ಟು ಅನುಕೂಲ ನೋಡಿ! ಅತ್ತೆಗೆ ಎರಡನೆಯ ಹುಂಜದ ಕಾಟ ತಪ್ಪಿತು, ಹೇಂಟೆಗಳ ಬೆನ್ನಿಗೆ ಪುಕ್ಕ ಬರುತ್ತದೆ, ಚೌಡಕ್ಕನಿಗೆ ಹುಂಜ ಸಿಕ್ಕಿತು, ಮಾವನ ಹೆಸರು ಉಳಿಯಿತು. ತವರಿನ ಹುಂಜ ಹೋಯಿತೆಂದು ನಾನು ಅತ್ತರೂ ಯಾರೂ ಅನುಮಾನ ಪಡುವುದಿಲ್ಲ. ಅತ್ತೆ ಅಂದು ನನಗೆ ಎರಡು ತುತ್ತು ಹೆಚ್ಚಿಗೆ ಬಡಿಸಿದರು. ಆ ಎರಡು ತುತ್ತನ್ನೂ ನಾನು ಹಿತ್ತಲ ಕೋಳಿಗಳಿಗೆ ಹಾಕಿದೆ. ನಾನು ನಗಲಾರದ ಜಾಗ ಎಂದೆನಲ್ಲ, ಅದು ಇದೇ.

ಸಂಕ್ರಾಂತಿ ಕಳೆದು ತೈ ತಿಂಗಳ ಮೊದಲ ವಾರ, ಮದುವೆಗೆ ಹದಿನೈದು ದಿನವಿದೆ ಎನ್ನುವಾಗ ಪುಟ್ಟಿ ನನ್ನನ್ನು ಒಳಗೆ ಕರೆದು ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ತೋರಿಸಿದಳು. ಅವಳು ಹೋಗಬೇಕಾದದ್ದು ಕೂಡಿದ ದೊಡ್ಡ ಮನೆಗೆ, ಮೂವರು ಓರಗಿತ್ತಿಯರು.

“ಅಕ್ಕ, ನನ್ನ ಮಕ್ಳು ಉಟ್ರೂ ಈ ಕೆಂಪು ಓಗಾಕಿಲ್ವಂತೆ. ಅವ್ವ ಅಲ್ಲೆಲ್ಲ ಏಳ್ಕೊಂಡವ್ಳೆ.”

ಹೊಸ ಸೊಸೆ ತಂದದ್ದನ್ನು ಗಂಡನ ಮನೆಯವರು ಹೇಗೆ ಬಿಡಿಸಿ ಬಿಡಿಸಿ ನೋಡುತ್ತಾರೆಂದು ನನಗೆ ಗೊತ್ತಿತ್ತು. ಹತ್ತು ಮೊಟ್ಟೆ ಮರಿಯಾಗದ್ದಕ್ಕೇ ನಾನು ಎಷ್ಟು ದಿನ ತಲೆ ತಗ್ಗಿಸಿದ್ದೆ. ಮುಹೂರ್ತದ ಸೀರೆ ಮೊದಲ ಒಗೆತದಲ್ಲೇ ಅರಿಶಿನದ ಒಡಲಿಗೆಲ್ಲ ಕೆಂಪು ಕಾರಿಕೊಂಡರೆ ಆ ಹುಡುಗಿಗೆ ಅಪಶಕುನದವಳು ಎಂಬ ಹೆಸರು ಅಂಟುವುದಕ್ಕೆ ಇನ್ನೇನು ಬೇಕು? ಆ ಹೆಸರಿನ ಬಣ್ಣ ಏಳು ಸಲ ನೆನೆಸದಿದ್ದರೂ ಹೋಗುವುದಿಲ್ಲ.

ಮರುದಿನ ಬೆಳಗಿನ ಜಾವ ಗೋಡೆಯಾಚೆಯಿಂದ ನನ್ನ ಹುಂಜ ಕೂಗಿತು. ಬೀದಿಯಲ್ಲಿ ಪಾವು ಎಳೆದಿದ್ದರು. ಮಾವ ಕುಂಚ ಹಿಡಿದು ಗಂಜಿ ತೀಡುತ್ತಿದ್ದರು. ನಾನು ಗಂಜಿಯ ಪಾತ್ರೆ ಹಿಡಿದು ಹಿಂದೆ ನಡೆಯುತ್ತಿದ್ದೆ.

“ಮಾವ, ಆ ದಾರ ನಮ್ದೇ. ಪುಟ್ಟಿ ಸೀರೆ ನೂಲ್ನಾಗೆ ಉಳಿದದ್ದು. ಗಂಟು ನಾನೇ ಆಕಿದ್ದು.”

ಅವರ ಕುಂಚ ನಿಲ್ಲಲಿಲ್ಲ. ಗಂಜಿ ಹಚ್ಚಿದ ನೂಲನ್ನು ಅರ್ಧಕ್ಕೆ ಬಿಟ್ಟರೆ ಅಂಟಿಕೊಂಡು ಕೆಡುತ್ತದೆ.

“ಏಸು ಸಲ ನೆನೆಸ್ದೆ?”

“ಮೂರು.”

ಬೀದಿಯ ಕೊನೆಯ ತನಕ ಅವರು ಕುಂಚ ಎಳೆಯುತ್ತಲೇ ಹೋದರು. ಪಾವು ಒಣಗಿತು, ಸುತ್ತಿ ಒಳಗಿಟ್ಟರು. ಕೈ ತೊಳೆದುಕೊಂಡು “ಬಾ” ಎಂದರು. ಬಾಗಿಲ ಹತ್ತಿರ ನಿಂತು, ನನ್ನ ಮುಖ ನೋಡದೆ, “ಅವತ್ತು ನಾನೂ ಬಣ್ಣ ನೋಡ್ದೆ, ಗಂಟು ನೋಡ್ಲಿಲ್ಲ ಅಮ್ಮಣಿ. ಜಂಬ ನಂಗೆ” ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಚೌಡಕ್ಕನ ಜಗುಲಿಯ ಮೇಲೆ, ಬೀದಿಯವರು ಬುಟ್ಟಿ ಎತ್ತಿ ಕೋಳಿ ಬಿಡುತ್ತಿರುವಾಗಲೇ, ಅವರು ಒಂದು ಪಾತ್ರೆ ನೀರು ತರಿಸಿ ಆ ಸೀರೆಯ ಅಂಚಿನ ಒಂದು ತುದಿಯನ್ನು ಅದ್ದಿ ಹಿಂಡಿದರು. ನೀರು ಕೆಂಪಾಯಿತು.

“ತಂಗಿ, ಆ ಉಂಜ ನಮ್ದು. ನಮ್ಮನೆ ಬಣ್ಣ ಬುಟ್ಟೈತೆ. ನಾನು ಏಳಿದ್ದು ತಪ್ಪು. ಈ ಸೀರೆ ಪುಟ್ಟಿಗೆ ಉಡುಸ್ಬೇಡ, ಬೇರೆ ನೇಯ್ದು ಕೊಡ್ತೀವಿ.”

ನಮ್ಮನೆ ಬಣ್ಣ ಎಂದರು. ಸೊಸೆಯ ಬಣ್ಣ ಎನ್ನಲಿಲ್ಲ. ಮೂವತ್ತು ವರ್ಷದ ಹೆಸರನ್ನು ಆ ಮನುಷ್ಯ ಒಂದು ಪಾತ್ರೆ ನೀರಿನಲ್ಲಿ ಅದ್ದಿದ್ದನ್ನು ನಾನು ಎರಡು ಮಾರು ದೂರದಲ್ಲಿ ನಿಂತು ನೋಡಿದೆ. ಹುಂಜ ಹೋದ ದಿನ ನಾನು ಅತ್ತದ್ದು ತವರಿನ ಹುಂಜಕ್ಕಾಗಿ ಅಲ್ಲವೆಂದು ಅತ್ತೆಗೆ ಹೇಳಬೇಕಾಗಲಿಲ್ಲ.

ಅಂದೇ ನೂಲು ನೆನೆಹಾಕಿದೆವು. ತೈ ತಿಂಗಳ ಬಿಸಿಲು ದಯೆ ತೋರಿತು. ಏಳು ದಿನ, ಏಳು ಸಲ. ಅಷ್ಟರಲ್ಲಿ ಒಡಲಿನ ಪಾವನ್ನು ಚೌಡಕ್ಕನ ಮನೆಯವರೇ ಬೀದಿಗೆಳೆದು ತೀಡಿದರು. ನನ್ನ ಗಂಡ ಮಗ್ಗದ ಗುಂಡಿಯಿಂದ ಊಟಕ್ಕೆ ಮಾತ್ರ ಎದ್ದ. ಮದುವೆಯ ಹಿಂದಿನ ದಿನ ಪುಟ್ಟಿಯೇ ಸೀರೆಯ ತುದಿಯನ್ನು ನೀರಿಗೆ ಅದ್ದಿದಳು. ನೀರು ನೀರಾಗಿಯೇ ಇತ್ತು.

ಮದುವೆ ಮುಗಿದ ಮೇಲೆ ಚೌಡಕ್ಕ ಹುಂಜವನ್ನು ಹಿಡಿದು ತಂದಳು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಹಿತ್ತಲ ಹೇಂಟೆಗಳು ಕಣ್ಣಿಗೆ ಬಿದ್ದವು. ಬೂದುಬಣ್ಣದ್ದರ ಬೆನ್ನಿನ ಮೇಲೆ ಹೊಸ ಪುಕ್ಕ ಮೂಡುತ್ತಿತ್ತು.

“ನಿಮ್ತಾವ್ಲೇ ಇರ್ಲಿ ಚೌಡಕ್ಕ. ಒಂದು ಇತ್ಲಿಗೆ ಒಂದು ಸಾಕು” ಎಂದೆ. ಅತ್ತೆ ನನ್ನನ್ನು ನೋಡಿದರು. ತಮ್ಮ ಮಾತನ್ನೇ ನಾನು ಹೇಳಿದೆನೆಂದು ಅವರು ಯಾರಿಗೂ ನೆನಪಿಸಲಿಲ್ಲ. ಅದು ಅವರ ದೊಡ್ಡತನ.

ಚೌಡಕ್ಕ ಮಾತ್ರ ಒಂದು ಕೇಳಿದಳು: ಅದರ ಕಾಲಿಗೆ ಕನಕಾಂಬರ ಕಟ್ಟುವುದಿಲ್ಲ, ಹೊಸ ಕೆಂಪಿನ ಒಂದೆಳೆ ಕೊಡಿ. ಮಾವ ನೂಲನ್ನು ನನ್ನ ಕೈಗೆ ಕೊಟ್ಟರು. ನಾನೇ ಕಟ್ಟಿದೆ, ಎಡಗೈ ಗಂಟು.

ಆ ಹುಂಜ ಇನ್ನೂ ಐದು ವರ್ಷ ಬದುಕಿತು. ಬಣ್ಣದ ಕೆಲಸ ನನ್ನ ಕೈಯಲ್ಲೇ ಉಳಿಯಿತು. ಮಾವ ಒಂದು ದಿನವೂ ಲೆಕ್ಕ ಕೇಳಲಿಲ್ಲ. ಐದನೆಯ ಸಲ, ಆರನೆಯ ಸಲ ನೂಲು ಅದ್ದುವಾಗ ಸೊಂಟ ನೋಯುತ್ತದೆ, ಇಷ್ಟು ಸಾಲದೇ ಎನ್ನಿಸುತ್ತದೆ. ಆಗ ಗೋಡೆಯ ಹತ್ತಿರ ಹೋಗಿ ಇಣುಕುತ್ತಿದ್ದೆ. ಮಳೆಯಲ್ಲಿ, ಕೆಸರಿನಲ್ಲಿ, ಗಂಜಿಯಲ್ಲಿ ಓಡಾಡಿದ ಆ ಕಾಲಿನಲ್ಲಿ ದಾರ ಹಾಗೇ ಕೆಂಪಾಗಿರುತ್ತಿತ್ತು. ಹಿಂದಕ್ಕೆ ಬಂದು, ಸೆರಗು ಬಿಗಿದುಕೊಂಡು, ಏಳನೆಯ ಸಲ ಅದ್ದುತ್ತಿದ್ದೆ.